ಕೆಜಿಎಫ್ ಗಣಿಯಲ್ಲಿ ಪ್ರೋಟಾನ್ ಸಾವಿಗೆ ಕಾದವರು

ಸೂರ್ಯ ಸರಿಯಾದ ದೂರದಲ್ಲಿದ್ದ, ನೀರಿತ್ತು, ಜೀವ ಹುಟ್ಟಿತು ಅಂತ ಎಲ್ಲರೂ ಓದಿರುತ್ತೇವೆ. ಸರಿಯೇ. ಆದರೆ ಸೂರ್ಯನಿಗೂ ನೀರಿಗೂ ಮುಂಚೆ, ಪರಮಾಣುವಿನ ನಡುವಿನ ಬೀಜದಲ್ಲಿರುವ ಪ್ರೋಟಾನ್ ಅನ್ನುವ ಕಣ ಒಡೆಯದೆ ಸುಮ್ನೆ ಕೂತಿರಬೇಕು. ಅದು ನಿಜಕ್ಕೂ ಕೂತಿರುತ್ತದಾ ಅಂತ ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ ಪರೀಕ್ಷೆ ನಡೆದಿತ್ತು. ಕೆಜಿಎಫ್ ಅಂದರೆ ಚಿನ್ನ ಮತ್ತು ಸೈನೈಡ್ ಗುಡ್ಡ ಅಷ್ಟೇ ಅಂದುಕೊಂಡವರೇ ಜಾಸ್ತಿ.

ಆ ಬೀಜದಲ್ಲಿ ಪ್ರೋಟಾನಿನ ಜೊತೆಗಾರ ನ್ಯೂಟ್ರಾನ್. ತೂಕ ಹೆಚ್ಚುಕಡಿಮೆ ಒಂದೇ, ನ್ಯೂಟ್ರಾನಿನದು ಒಂದು ಚೂರು ಜಾಸ್ತಿ. ಎಷ್ಟು? ಸಾವಿರಕ್ಕೆ ಒಂದೂವರೆ ಪಾಲೂ ಇಲ್ಲ. ಎಲ್ಲ ಇರುವುದು ಈ ಚೂರಿನಲ್ಲೇ. ನಮ್ಮ ಕಡೆ ಕೆರೆಗಳ ಸಾಲು ನೋಡಿದ್ದೀರಲ್ವಾ? ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಕೆಳಗಿನ ಕೆರೆಗೆ ಹೋಗುತ್ತದೆ, ಕೆಳಗಿನದು ತಾನಾಗಿ ಮೇಲಕ್ಕೆ ಹತ್ತುವುದಿಲ್ಲ. ನ್ಯೂಟ್ರಾನ್ ಮೇಲಿನ ಕೆರೆ. ಒಂಟಿಯಾಗಿ ಬಿಟ್ಟರೆ ಸುಮಾರು 15 ನಿಮಿಷದಲ್ಲಿ ಒಡೆದು ಪ್ರೋಟಾನ್ ಆಗುತ್ತದೆ. ಪ್ರೋಟಾನ್ ಸಾಲಿನ ಕೊನೆಯ ಕೆರೆ, ಅದು ಇನ್ನೆಲ್ಲಿಗೂ ಹರಿಯುವಂತಿಲ್ಲ. ತೂಕ ಅದಲುಬದಲಾಗಿದ್ದಿದ್ದರೆ ಪ್ರೋಟಾನ್‌ಗಳೇ ನ್ಯೂಟ್ರಾನ್ ಆಗಿಬಿಡುತ್ತಿದ್ದವು, ಒಂದೇ ಪ್ರೋಟಾನ್ ನಂಬಿಕೊಂಡಿರುವ ಹೈಡ್ರೋಜನ್ ಉಳಿಯುತ್ತಿರಲಿಲ್ಲ. ಆಮೇಲೆ ಸೂರ್ಯ ಏನನ್ನು ಉರಿಸಬೇಕು, ನೀರು ಎಲ್ಲಿಂದ ಬರಬೇಕು?

ಪ್ರವಚನದವರು ಇಲ್ಲಿಗೆ ಬಂದು 'ನೋಡಿ, ಎಲ್ಲ ನಮಗಾಗಿಯೇ ಅಳತೆ ಮಾಡಿ ಇಟ್ಟಿದ್ದಾರೆ' ಅಂತ ನಿಲ್ಲಿಸಿಬಿಡುತ್ತಾರೆ. ನನಗೆ ಸಿಟ್ಟು ಬರುವುದು ಅಲ್ಲೇ. ಆ ಚೂರು ಎಲ್ಲಿಂದ ಬಂತು ಅಂತ ಕೇಳಬಹುದಲ್ಲ! ವಿದ್ಯುದಾವೇಶ ಇರುವುದು ಪ್ರೋಟಾನಿಗೆ, ಬರೀ ಅದನ್ನು ನೋಡಿದರೆ ಪ್ರೋಟಾನೇ ಭಾರ ಇರಬೇಕಿತ್ತು. ಆದರೆ ಇವೆರಡರ ಒಳಗೂ ಕ್ವಾರ್ಕ್ ಅನ್ನುವ ಇನ್ನೂ ಸಣ್ಣ ಕಣಗಳಿವೆ; ಡೌನ್ ಕ್ವಾರ್ಕ್ ಅಪ್ ಕ್ವಾರ್ಕಿಗಿಂತ ಭಾರ, ನ್ಯೂಟ್ರಾನಿನಲ್ಲಿ ಡೌನ್ ಎರಡಿವೆ, ಪ್ರೋಟಾನಿನಲ್ಲಿ ಒಂದೇ, ಅದೇ ಗೆಲ್ಲುತ್ತದೆ. 2015ರಲ್ಲಿ ಸೂಪರ್ ಕಂಪ್ಯೂಟರಿನಲ್ಲಿ ಈ ವ್ಯತ್ಯಾಸವನ್ನು ಲೆಕ್ಕ ಹಾಕಿಯೇ ತೋರಿಸಿದರು.

ಇನ್ನು ಕೊನೆಯ ಕೆರೆಯ ವಿಷಯ. ಅದರ ತಳವೂ ಬಲು ನಿಧಾನವಾಗಿ ಸೋರುತ್ತದೆ, ಅಂದರೆ ಪ್ರೋಟಾನೂ ಎಂದಾದರೂ ಒಡೆಯುತ್ತದೆ ಅಂತ 1974ರಲ್ಲಿ ಜಾರ್ಜಿ ಮತ್ತು ಗ್ಲಾಶೊ ಅನ್ನುವ ಭೌತವಿಜ್ಞಾನಿಗಳು ಒಂದು ಸಿದ್ಧಾಂತ ಮುಂದಿಟ್ಟರು. ತೀರಾ ಬೇಗ ಸೋರುವುದಿಲ್ಲ ಅನ್ನುವುದಕ್ಕೆ ನಮ್ಮ ಮೈಯೇ ಸಾಕ್ಷಿ. 70 ಕೆಜಿ ಮೈಯಲ್ಲಿ ಪ್ರೋಟಾನ್, ನ್ಯೂಟ್ರಾನ್ ಸೇರಿ ಸುಮಾರು 4ರ ಮುಂದೆ 28 ಸೊನ್ನೆ ಇಟ್ಟಷ್ಟಿವೆ. ಅವುಗಳ ಸರಾಸರಿ ಆಯಸ್ಸು 1ರ ಮುಂದೆ 16 ಸೊನ್ನೆಯಷ್ಟು ವರ್ಷ, ಅಂದರೆ ವಿಶ್ವದ ವಯಸ್ಸಿನ ಏಳು ಲಕ್ಷ ಪಟ್ಟು ಇದ್ದರೂ ಸೆಕೆಂಡಿಗೆ ಒಂದು ಲಕ್ಷಕ್ಕಿಂತ ಜಾಸ್ತಿ ಒಡೆಯುತ್ತಿದ್ದವು, ನಮ್ಮ ಮೈಯ ವಿಕಿರಣವೇ ನಮ್ಮನ್ನು ಕೊಲ್ಲುತ್ತಿತ್ತು. ಹಾಗಿದ್ದಿದ್ದರೆ ಅದು ಮೂಳೆಗೇ ಗೊತ್ತಾಗುತ್ತಿತ್ತು ಅಂತ ಭೌತವಿಜ್ಞಾನಿ ಮಾರಿಸ್ ಗೋಲ್ಡ್‌ಹೇಬರ್ ಹೇಳುತ್ತಿದ್ದರಂತೆ.

ಅದಕ್ಕಿಂತ ನಿಧಾನವಾದ ಸೋರಿಕೆ ಹಿಡಿಯಬೇಕೆಂದರೆ ಬಾಹ್ಯಾಕಾಶದ ಕಿರಣಗಳ ಕಾಟ ತಪ್ಪಿಸಿಕೊಳ್ಳಬೇಕು, ಆಳಕ್ಕೆ ಇಳಿಯಬೇಕು. ಅಂಥ ಆಳ ಇದ್ದದ್ದು ಕೆಜಿಎಫ್ ಗಣಿಯಲ್ಲಿ. ಹೋಮಿ ಭಾಭಾ ಕಳಿಸಿದ ಬಿ.ವಿ. ಶ್ರೀಕಂಠನ್ 1951ರಲ್ಲೇ ಇಲ್ಲಿ ಆ ಕಿರಣಗಳ ಅಳತೆ ಶುರು ಮಾಡಿದ್ದರು. 1965ರಲ್ಲಿ ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊಗಳ, ಅಂದರೆ ಹೆಚ್ಚುಕಡಿಮೆ ಯಾವುದಕ್ಕೂ ತಾಗದೆ ಹಾದುಹೋಗುವ ಪುಟ್ಟ ಕಣಗಳ ಗುರುತು ಇಲ್ಲಿ ಸಿಕ್ಕಿತು. 1980ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು, ಜಪಾನಿನ ಒಸಾಕಾದವರು ಸೇರಿ 2.3 ಕಿಲೋಮೀಟರ್ ಕೆಳಗೆ ಸುಮಾರು 140 ಟನ್ ಕಬ್ಬಿಣದ ಪ್ಲೇಟು ಜೋಡಿಸಿದರು. ನಡುನಡುವೆ ಅನಿಲ ತುಂಬಿದ ಕೊಳವೆಗಳ ಸಾಲು. ಪ್ರೋಟಾನ್ ಒಡೆದರೆ ಚಿಮ್ಮುವ ಕಣಗಳು ಕೊಳವೆಗಳನ್ನು ದಾಟುವಾಗ ವಿದ್ಯುತ್ ಸಂಕೇತ ಬರುತ್ತದೆ. ಬೀಜದೊಳಗಿನ ಪ್ರೋಟಾನ್, ನ್ಯೂಟ್ರಾನ್‌ಗಳ ಆಯಸ್ಸು 1ರ ಮುಂದೆ 31 ಸೊನ್ನೆಯಷ್ಟು ವರ್ಷ ಇದ್ದರೆ, ಅಷ್ಟು ಕಬ್ಬಿಣದಲ್ಲಿ ಎರಡೂ ಸೇರಿ ವರ್ಷಕ್ಕೆ ಎಂಟೋ ಒಂಬತ್ತೋ ಒಡೆಯಬೇಕು.

ಕೆಲವು ಗುರುತು ಸಿಕ್ಕವು ಕೂಡ, ಸುದ್ದಿಯೂ ಆಯಿತು. ತಾಪತ್ರಯ ಏನೆಂದರೆ ನ್ಯೂಟ್ರಿನೊ ಒಳಗೆ ಬಂದು ಡಿಕ್ಕಿ ಹೊಡೆದರೂ ಹೆಚ್ಚುಕಡಿಮೆ ಅದೇ ತರಹದ ಗುರುತು ಬೀಳುತ್ತದೆ. 1965ರಲ್ಲಿ ಹೆಸರು ತಂದುಕೊಟ್ಟ ಕಣವೇ ಈಗ ಅಡ್ಡ ಬಂತು! ಅಮೆರಿಕ, ಜಪಾನಿನ ಇನ್ನೂ ದೊಡ್ಡ ಉಪಕರಣಗಳಿಗೆ ಏನೂ ಸಿಗಲಿಲ್ಲ, ಜಾರ್ಜಿ-ಗ್ಲಾಶೊ ಲೆಕ್ಕ ಬಿದ್ದುಹೋಯಿತು. 2001ರಲ್ಲಿ ಗಣಿಯೂ ಮುಚ್ಚಿತು, ಒಳಗೆ ನೀರು ತುಂಬಿಕೊಂಡಿತು.

ಹುಡುಕಾಟ ಈಗ ಜಪಾನಿನಲ್ಲಿ, 50,000 ಟನ್ ನೀರು ತುಂಬಿದ ಸೂಪರ್ ಕಾಮಿಯೊಕಾಂಡೆ ತೊಟ್ಟಿಯಲ್ಲಿ ನಡೆಯುತ್ತಿದೆ. ಅಲ್ಲೂ ಇದುವರೆಗೆ ಒಂದೂ ಒಡೆದಿದ್ದು ಖಚಿತವಾಗಿಲ್ಲ. ಆಯಸ್ಸು 1ರ ಮುಂದೆ 34 ಸೊನ್ನೆಯಷ್ಟು ವರ್ಷಕ್ಕಿಂತ ಜಾಸ್ತಿಯೇ ಅಂತಾಯಿತು. ಈ ಲೆಕ್ಕದಲ್ಲಿ ನಿಮ್ಮ ಮೈಯಲ್ಲಿ ಒಂದೇ ಒಂದು ಪ್ರೋಟಾನ್ ಒಡೆಯಬೇಕೆಂದರೂ ನೀವು ಎರಡು ಲಕ್ಷ ವರ್ಷವಾದರೂ ಬದುಕಿರಬೇಕು.