ಬಾವಿ ಬತ್ತಿಸಿ ತೊಳೆದರೆ ಪೆಟ್ರೋಲ್ ಹೋಗುತ್ತದೆಯೇ?

ಪ್ರಶ್ನೆ: ಕುಮಟಾ ಸಮೀಪ ಹೆದ್ದಾರಿಯ ಕೆಳಬದಿಗೆ ನಮ್ಮ ಮನೆ, ಮೇಲ್ಬದಿಗೆ ಪೆಟ್ರೋಲ್ ಬಂಕ್ ಇದೆ. ಕಳೆದ ಮಳೆಗಾಲದಿಂದ ಬಾವಿಯ ನೀರಿಗೆ ಪೆಟ್ರೋಲ್ ವಾಸನೆ ಬರುತ್ತಿದೆ. ಬೇಸಿಗೆಯಲ್ಲಿ ಬಾವಿಯನ್ನು ಬತ್ತಿಸಿ, ಹೂಳು ತೆಗೆಸಿ, ಬ್ಲೀಚಿಂಗ್ ಪೌಡರ್ ಹಾಕಿದರೆ ಸರಿಹೋಗುತ್ತದೆಯೇ?

ಉತ್ತರ: ಸರಿಹೋಗುವುದಿಲ್ಲ. ಕಾರಣ ಹೇಳುವ ಮೊದಲೇ ಒಂದು ಎಚ್ಚರಿಕೆ: ಆ ಬಾವಿಗೆ ಯಾರನ್ನೂ ಇಳಿಸಬೇಡಿ. ಪೆಟ್ರೋಲಿನ ಆವಿ ಗಾಳಿಗಿಂತ ಮೂರು-ನಾಲ್ಕು ಪಟ್ಟು ಭಾರವಾದ್ದರಿಂದ ತಳದಲ್ಲಿಯೇ ನಿಲ್ಲುತ್ತದೆ. ಇಳಿದವರು ಪ್ರಜ್ಞೆ ತಪ್ಪಬಹುದು. ಪಂಪಿನ ಒಂದು ಕಿಡಿಯಿಂದ ಬೆಂಕಿಯೂ ಹೊತ್ತಿಕೊಳ್ಳಬಹುದು.

ಕೆಟ್ಟಿರುವುದು ನಿಮ್ಮ ಬಾವಿಯಲ್ಲ, ಬಂಕಿಗೂ ಬಾವಿಗೂ ನಡುವಿನ ನೆಲ. ನೆಲದಡಿಯ ಟ್ಯಾಂಕಿನಿಂದಲೋ ಪೈಪಿನ ಸಂದಿಯಿಂದಲೋ ಸೋರಿದ ಪೆಟ್ರೋಲ್ ಕೆಳಗಿಳಿಯುತ್ತದೆ, ನೀರಿಗಿಂತ ಹಗುರವಾದ್ದರಿಂದ ಅಂತರ್ಜಲದ ಮೇಲೆ ತೇಲುತ್ತ ಹರಡುತ್ತದೆ. ನಮ್ಮ ಕರಾವಳಿಯ ಚಿರೇಕಲ್ಲಿನ ಮೈತುಂಬ ತೂತುಗಳಿರುವುದರಿಂದ ಅದರೊಳಗೆ ಈ ಹರಿವು ವೇಗವಾಗಿರುತ್ತದೆ. ಅದರ ಅಡಿಯ ಜೇಡಿಯಂಥ ಶೇಡಿ ಮಣ್ಣಿನಲ್ಲಿ ಬಹಳ ನಿಧಾನ. ಇದರ ಜೊತೆಗೆ, ಜುಲೈನಲ್ಲಿ ಕೈಗೆಟಕುವಂತಿದ್ದ ಬಾವಿಯ ನೀರು ಮೇ ತಿಂಗಳಿಗೆ ತಳ ಸೇರುತ್ತದಲ್ಲವೇ? ತೇಲುವ ಪೆಟ್ರೋಲ್ ಕೂಡ ಅದರೊಂದಿಗೆ ಏರಿಳಿಯುತ್ತ, ಆ ಎತ್ತರದುದ್ದಕ್ಕೂ ಮಣ್ಣಿನ ಕಣಗಳಿಗೆ ಅಂಟಿಕೊಳ್ಳುತ್ತ ಹೋಗುತ್ತದೆ. ನೀವು ಬಾವಿಯನ್ನು ಬತ್ತಿಸಿದರೆ ಸುತ್ತಲಿನ ಅಂತರ್ಜಲ ಬಾವಿಯ ಕಡೆಗೆ ವಾಲುತ್ತದೆ, ಇನ್ನೂ ದೂರದಲ್ಲಿದ್ದ ಪೆಟ್ರೋಲನ್ನು ನೀವೇ ಕರೆತಂದಂತಾಗುತ್ತದೆ. ಅಘನಾಶಿನಿ ನದಿ ಸಮುದ್ರ ಸೇರುವ ಅಳಿವೆಯ ಹತ್ತಿರದಲ್ಲಿ ಹೀಗೆ ಮಾಡಿದರೆ ಉಪ್ಪುನೀರೂ ಬರಬಹುದು.

ವಾಸನೆ ಹೋದರೆ ಸಾಕು ಎಂಬ ಭಾವನೆಯೂ ತಪ್ಪು. ಪೆಟ್ರೋಲಿನಲ್ಲಿರುವ ಬೆಂಜೀನ್ ಕ್ಯಾನ್ಸರ್‌ಕಾರಕ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 10 ಮೈಕ್ರೋಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಮೂಗಿಗೆ ಗೊತ್ತಾಗುವ ಪ್ರಮಾಣ ಅದಕ್ಕಿಂತ ಎಷ್ಟೋ ಹೆಚ್ಚು. ಈಗಿನ ಬಿಎಸ್-6 ಮಾನದಂಡದ ಪೆಟ್ರೋಲಿನಲ್ಲಿ ಬೆಂಜೀನ್ ಶೇ. 1ರವರೆಗೆ ಇರಬಹುದು. ಆ ಲೆಕ್ಕದಲ್ಲಿ ಒಂದೇ ಲೀಟರ್ ಪೆಟ್ರೋಲಿನ ಬೆಂಜೀನ್ ಎಂಟು ಲಕ್ಷ ಲೀಟರಿಗೂ ಹೆಚ್ಚು ನೀರನ್ನು ಆ ಮಿತಿಗೆ ತಲುಪಿಸಬಲ್ಲದು. ಬ್ಲೀಚಿಂಗ್ ಪೌಡರ್ ರೋಗಾಣುಗಳನ್ನು ಕೊಲ್ಲುತ್ತದೆ, ಬೆಂಜೀನನ್ನು ತೆಗೆಯುವುದಿಲ್ಲ. ಕುದಿಸಿದರೆ ಅದು ಆವಿಯಾಗಿ ಅಡುಗೆಮನೆಯ ಗಾಳಿಯನ್ನು ಸೇರುತ್ತದೆ. ಬಚ್ಚಲ ಹಂಡೆಯಲ್ಲಿ ಕಾಯಿಸಿ ಮಿಂದರೂ ಅದೇ ಕಥೆ.

ಹಾಗಾದರೆ ನಿಜವಾದ ಶುದ್ಧೀಕರಣ ಹೇಗೆ? ಮೊದಲು ಸೋರಿಕೆ ನಿಲ್ಲಬೇಕು: ಟ್ಯಾಂಕ್ ಮತ್ತು ಪೈಪುಗಳನ್ನು ಒತ್ತಡ ಕೊಟ್ಟು ಪರೀಕ್ಷಿಸಬೇಕು, ಕೆಟ್ಟಿದ್ದರೆ ಖಾಲಿ ಮಾಡಿ ತೆಗೆಯಬೇಕು. ಬಳಿಕ ವೀಕ್ಷಣಾ ಕೊಳವೆಗಳನ್ನು ಕೊರೆದು, ಪೆಟ್ರೋಲ್ ಎಷ್ಟು ದೂರ, ಎಷ್ಟು ಆಳಕ್ಕೆ ಹೋಗಿದೆಯೆಂದು ಗುರುತಿಸಿ, ನೀರಿನ ಮೇಲೆ ತೇಲುತ್ತಿರುವುದನ್ನು ವಿಶೇಷ ಪಂಪುಗಳಿಂದ ಎತ್ತಬೇಕು. ಟ್ಯಾಂಕಿನ ಸುತ್ತಲಿನ ತೀರ ಕೆಟ್ಟ ಮಣ್ಣನ್ನು ಅಗೆದು ಸಾಗಿಸಬಹುದು. ಅಗೆಯಲಾಗದ ಕಡೆ ತೂತಿನ ಪೈಪುಗಳನ್ನು ಹುಗಿದು ಬ್ಲೋವರ್‌ನಿಂದ ಮಣ್ಣಿನ ಆವಿಯನ್ನು ಹೀರಿ, ಇದ್ದಿಲಿನ ಶೋಧಕದ ಮೂಲಕ ಬಿಡುತ್ತಾರೆ. ಈ ಹೀರುವ ಕೆಲಸಕ್ಕೆ ನಮ್ಮಲ್ಲಿ ಬೇಸಿಗೆಯೇ ಸೂಕ್ತ, ಏಕೆಂದರೆ ಮಳೆಗಾಲದಲ್ಲಿ ಮಣ್ಣಿನ ರಂಧ್ರಗಳು ನೀರಿನಿಂದ ತುಂಬಿ ಗಾಳಿ ಓಡಾಡುವುದಿಲ್ಲ. ನೀರಿನಲ್ಲಿ ಕರಗಿದ ಪಾಲಿಗೆ ಅಂತರ್ಜಲದೊಳಗೆ ಗಾಳಿ ಊದುವ ಕ್ರಮವಿದೆ: ಬೆಂಜೀನ್ ಆವಿಯಾಗಿ ಮೇಲೇರುತ್ತದೆ, ಮಣ್ಣಿನಲ್ಲಿ ಮೊದಲೇ ಇರುವ ಬ್ಯಾಕ್ಟೀರಿಯಾಗಳಿಗೆ ಅದನ್ನು ತಿಂದು ಕರಗಿಸಲು ಬೇಕಾದ ಆಮ್ಲಜನಕವೂ ಸಿಗುತ್ತದೆ. ಈ ಬ್ಯಾಕ್ಟೀರಿಯಾಗಳೇ ಎಲ್ಲವನ್ನೂ ನೋಡಿಕೊಳ್ಳುತ್ತವೆಂದು ಕಾದು ಕೂರುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಪೆಟ್ರೋಲಿಗೆ ಬೆರೆಸುವ ಎಥನಾಲನ್ನು ಅವು ಮೊದಲು ತಿಂದು ಆಮ್ಲಜನಕವನ್ನು ಮುಗಿಸುತ್ತವೆ, ಅಷ್ಟರಲ್ಲಿ ಬೆಂಜೀನ್ ಇನ್ನಷ್ಟು ದೂರ ಸಾಗಿರುತ್ತದೆ. ಸರಿಯಾಗಿ ನಡೆದರೂ ಇದು ತಿಂಗಳುಗಳ ಕೆಲಸವಲ್ಲ, ವರ್ಷಗಳದ್ದು.

ಇದರ ಖರ್ಚು ನಿಮ್ಮದಲ್ಲ. 1974ರ ಜಲ ಮಾಲಿನ್ಯ ಕಾಯ್ದೆ ಅಂತರ್ಜಲಕ್ಕೂ ಅನ್ವಯಿಸುತ್ತದೆ. ಕಲುಷಿತ ಸ್ಥಳಗಳ ನಿರ್ವಹಣೆಗೆಂದು 2025ರಲ್ಲಿ ಬಂದ ಕೇಂದ್ರದ ನಿಯಮಗಳು ಶುದ್ಧೀಕರಣದ ವೆಚ್ಚವನ್ನು ಮಾಲಿನ್ಯ ಮಾಡಿದವರ ಮೇಲೆ ಹೊರಿಸುತ್ತವೆ. ಕಾರವಾರದಲ್ಲಿರುವ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಕಚೇರಿಗೂ ಜಿಲ್ಲಾಧಿಕಾರಿಗಳಿಗೂ ಲಿಖಿತ ದೂರು ಕೊಟ್ಟು, ಸ್ವೀಕೃತಿ ಪಡೆಯಿರಿ. ನೀರಿನ ಮಾದರಿಯನ್ನು ಪ್ಲಾಸ್ಟಿಕ್ ಬಾಟಲಿಯಲ್ಲಿ ಒಯ್ಯಬೇಡಿ. ಗಾಜಿನ ಬಾಟಲಿಯನ್ನು ಒಂದು ಗುಳ್ಳೆಯೂ ಉಳಿಯದಂತೆ ತುಂಬಿ, ಮಂಜುಗಡ್ಡೆಯಲ್ಲಿಟ್ಟು ಒಯ್ಯದಿದ್ದರೆ ಬೆಂಜೀನ್ ದಾರಿಯಲ್ಲಿಯೇ ಹಾರಿಹೋಗಿ, ನೀರು ಚೆನ್ನಾಗಿದೆಯೆಂಬ ವರದಿ ಬಂದೀತು. ಕೆಲಸ ಮುಗಿಯಿತೆಂದು ಯಾರಾದರೂ ಹೇಳಿದ ಮೇಲೂ, ಒಂದು ಪೂರ್ತಿ ಮಳೆಗಾಲ ಮತ್ತು ಒಂದು ಬೇಸಿಗೆಯ ಪರೀಕ್ಷಾ ವರದಿಗಳನ್ನು ನೋಡದೆ ಆ ನೀರನ್ನು ಕುಡಿಯಲು, ಅಡುಗೆಗೆ ಅಥವಾ ಸ್ನಾನಕ್ಕೆ ಬಳಸಬೇಡಿ.