ಎಷ್ಟು ಕರಗುತ್ತದೆ, ಎಷ್ಟು ಬೇಗ ಕರಗುತ್ತದೆ?

20 ಡಿಗ್ರಿ ಸೆಲ್ಸಿಯಸ್‌ನಲ್ಲಿರುವ 100 ಗ್ರಾಂ ನೀರಿಗೆ 40 ಗ್ರಾಂ ಅಡುಗೆ ಉಪ್ಪು ಹಾಕಿ. ಎಷ್ಟು ಹೊತ್ತು ಕಲಕಿದರೂ ಸುಮಾರು 4 ಗ್ರಾಂ ತಳದಲ್ಲಿ ಉಳಿದೇ ಉಳಿಯುತ್ತದೆ. ಕಲ್ಲುಪ್ಪಾದರೂ ಅಷ್ಟೇ, ಪುಡಿಯುಪ್ಪಾದರೂ ಅಷ್ಟೇ. ಪುಡಿ ಆ ಮಿತಿಯನ್ನು ಬೇಗ ಮುಟ್ಟುತ್ತದೆ, ಕಲ್ಲು ತಡವಾಗಿ. ಹೀಗಿದ್ದೂ ‘ಕಲಕಿದರೆ, ಪುಡಿ ಮಾಡಿದರೆ ಹೆಚ್ಚು ಕರಗುತ್ತದೆ’ ಎಂದು ಬರೆಯುವ ವಿದ್ಯಾರ್ಥಿಗಳು ಅನೇಕ. ಅವರನ್ನು ದೂರುವಂತಿಲ್ಲ. ಮಿತಿಯನ್ನೂ ವೇಗವನ್ನೂ ಬೇರೆ ಬೇರೆಯಾಗಿ ಅಳೆದು, ಎರಡರ ನಂಟು ಹೇಳಲು ರಸಾಯನಶಾಸ್ತ್ರಕ್ಕೇ ಮುಕ್ಕಾಲು ಶತಮಾನ ಹಿಡಿಯಿತು.

ಮೊದಲು ಕೈಗೆ ಸಿಕ್ಕಿದ್ದು ಮಿತಿ. 1819ರಲ್ಲಿ ಫ್ರಾನ್ಸಿನ ಗೇ-ಲುಸಾಕ್, ಉಷ್ಣತೆ ಏರಿದಂತೆ ಲವಣಗಳು ಕರಗುವ ಪ್ರಮಾಣ ಹೇಗೆ ಬದಲಾಗುತ್ತದೆಂದು ರೇಖೆಗಳಲ್ಲಿ ತೋರಿಸಿದರು. ಪೆಟ್ಲುಪ್ಪಿನ (ಪೊಟ್ಯಾಸಿಯಂ ನೈಟ್ರೇಟ್) ರೇಖೆ ಕಡಿದಾಗಿ ಏರುತ್ತದೆ: 100 ಗ್ರಾಂ ನೀರಿಗೆ 20 ಡಿಗ್ರಿಯಲ್ಲಿ ಸುಮಾರು 32 ಗ್ರಾಂ, 100 ಡಿಗ್ರಿಯಲ್ಲಿ 240ಕ್ಕೂ ಹೆಚ್ಚು. ಅಡುಗೆ ಉಪ್ಪಿನದು ಹೆಚ್ಚುಕಡಿಮೆ ಅಡ್ಡಗೆರೆ: 36ರಿಂದ 39ಕ್ಕೆ ಬಂದರೆ ಮುಗಿಯಿತು. ಸೋಡಿಯಂ ಸಲ್ಫೇಟ್ ಸುಮಾರು 32 ಡಿಗ್ರಿಯವರೆಗೆ ಏರಿ, ಅಲ್ಲಿಂದ ಮೆಲ್ಲಗೆ ಇಳಿಯುತ್ತದೆ.

ವೇಗದ ಲೆಕ್ಕ ಬಂದದ್ದು 1850ರಲ್ಲಿ, ಅದೂ ಬೇರೆ ದಾರಿಯಿಂದ. ಜರ್ಮನಿಯ ವಿಲ್ಹೆಲ್ಮಿ ಕಬ್ಬಿನ ಸಕ್ಕರೆಯ ದ್ರಾವಣಕ್ಕೆ ಆಮ್ಲ ಸೇರಿಸಿ, ಸಕ್ಕರೆ ಒಡೆಯುತ್ತಾ ಹೋದದ್ದನ್ನು ಧ್ರುವೀಕೃತ (ಒಂದೇ ಸಮತಲದಲ್ಲಿ ಕಂಪಿಸುವ) ಬೆಳಕಿನ ತಿರುವಿನಿಂದ ಅಳೆದರು. ಆಯಾ ಕ್ಷಣದ ವೇಗ ಇನ್ನೂ ಉಳಿದಿರುವ ಸಕ್ಕರೆಗೆ ಅನುಪಾತದಲ್ಲಿತ್ತು. ಕ್ರಿಯೆಯೊಂದರ ವೇಗಕ್ಕೆ ಸಿಕ್ಕ ಮೊದಲ ಗಣಿತಸೂತ್ರ ಇದು. ಆಗ ಇದನ್ನು ಗಮನಿಸಿದವರು ತೀರಾ ಕಡಿಮೆ.

ಎರಡೂ ಎಳೆ ಕೂಡಿದ್ದು 1897ರಲ್ಲಿ. ಅಮೆರಿಕದ ನಾಯ್ಸ್ ಮತ್ತು ವಿಟ್ನಿ, ಬೆಂಜಾಯಿಕ್ ಆಮ್ಲ ಹಾಗೂ ಸೀಸದ ಕ್ಲೋರೈಡಿನ ಕಡ್ಡಿಗಳನ್ನು ಒಂದೇ ಉಷ್ಣತೆಯ ನೀರಿನಲ್ಲಿ ತಿರುಗಿಸಿ, ಎಷ್ಟು ಹೊತ್ತಿಗೆ ಎಷ್ಟು ಕರಗಿತೆಂದು ಅಳೆದರು. ಇಲ್ಲಿ ವೇಗವನ್ನು ನಿರ್ಧರಿಸುವುದು ಮಿತಿಗೂ ಈಗಾಗಲೇ ಕರಗಿರುವುದಕ್ಕೂ ನಡುವಿನ ಅಂತರ. ಘನದ ಮೈಗೆ ಅಂಟಿದ ದ್ರಾವಣದ ತೆಳು ಪದರ ಸದಾ ಪರ್ಯಾಪ್ತವಾಗಿರುತ್ತದೆ, ಅಂದರೆ ಮಿತಿ ಮುಟ್ಟಿರುತ್ತದೆ. ಅಲ್ಲಿಂದ ಕಣಗಳು ಹೊರಕ್ಕೆ ಹರಡಬೇಕು. ಉಪ್ಪಿನ ಮಿತಿ 36 ಗ್ರಾಂ ಎಂದಾದರೆ, 18 ಗ್ರಾಂ ಕರಗಿದ ಹೊತ್ತಿಗೆ, ಮೈಯ ವಿಸ್ತಾರ ಅಷ್ಟೇ ಇದ್ದರೂ, ವೇಗ ಅರ್ಧಕ್ಕಿಳಿದಿರುತ್ತದೆ. ಪಾಕಕ್ಕೆ ಹಾಕಿದ ಸಕ್ಕರೆಯಲ್ಲಿ ಕೊನೆಯ ಹಿಡಿ ಇಷ್ಟು ಸತಾಯಿಸುವುದು ಇದೇ ಕಾರಣಕ್ಕೆ. ಮುಂದೆ ಈ ಸೂತ್ರಕ್ಕೆ ಘನದ ಮೈಯ ವಿಸ್ತಾರ ಸೇರಿತು, 1904ರಲ್ಲಿ ನೆರ್ನ್‌ಸ್ಟ್ ಮತ್ತು ಬ್ರುನ್ನರ್ ಪದರದ ದಪ್ಪವನ್ನೂ ಸೇರಿಸಿದರು. ಕಲಕಿದರೆ ಪದರ ತೆಳ್ಳಗಾಗುತ್ತದೆ. ಒಂದು ಸೆಂಟಿಮೀಟರ್ ಬದಿಯ ಘನಾಕೃತಿಯನ್ನು ಒಂದು ಮಿಲಿಮೀಟರ್ ಬದಿಯ ಘನಾಕೃತಿಗಳಾಗಿ ಒಡೆದರೆ, ಮೈಯ ವಿಸ್ತಾರ 6ರಿಂದ 60 ಚದರ ಸೆಂಟಿಮೀಟರಿಗೆ ಏರುತ್ತದೆ. ಎರಡೂ ವೇಗದ ಮಾತು, ಮಿತಿ ಕದಲುವುದಿಲ್ಲ. (ಮೈಕ್ರೋಮೀಟರಿಗಿಂತ ನುಣ್ಣನೆಯ ಪುಡಿಯಲ್ಲಿ ಮಿತಿಯೂ ಕೊಂಚ ಏರುತ್ತದೆ. ಶಾಲೆಯ ಒರಳಿನಲ್ಲಿ ಅಷ್ಟು ನುಣುಪು ಸಿಗದು.)

ಬಿಸಿ ಮಾತ್ರ ಎರಡನ್ನೂ ಮುಟ್ಟುತ್ತದೆ, ಗೊಂದಲಕ್ಕೆ ಬೇರೂ ಅದೇ. ಬಿಡಿಸಲು ನನ್ನ ಆಯ್ಕೆ ಸುಣ್ಣ. 100 ಗ್ರಾಂ ನೀರಿನಲ್ಲಿ 20 ಡಿಗ್ರಿಗೆ ಸುಮಾರು 0.17 ಗ್ರಾಂ ಕರಗುವ ಅರಳಿದ ಸುಣ್ಣ, ಕುದಿಯುವ ನೀರಿನಲ್ಲಿ 0.07ರಷ್ಟೇ ಕರಗುತ್ತದೆ. ಸುಣ್ಣವನ್ನು ನೀರಿನಲ್ಲಿ ಚೆನ್ನಾಗಿ ಕಲಕಿ, ಮುಚ್ಚಿ, ರಾತ್ರಿಯಿಡೀ ಬಿಡಿ. ತಿಳಿಯನ್ನು ಸೋಸಿ, ಪ್ರನಾಳದಲ್ಲಿ ಅರ್ಧದಷ್ಟು ತುಂಬಿ, ಬಾಯಿಗೆ ಹತ್ತಿಯನ್ನು ಸಡಿಲವಾಗಿಟ್ಟು, ಕುದಿವ ನೀರಿನ ಪಾತ್ರೆಯಲ್ಲಿ ನಿಲ್ಲಿಸಿ. ಕೆಲ ಹೊತ್ತಿಗೆ, ಮಿತಿ ಇಳಿದು ಸುಣ್ಣ ಹೊರಬಿದ್ದು, ತಿಳಿ ಮಬ್ಬಾಗುತ್ತದೆ. ಬಿರಡೆಯನ್ನು ಬಿಗಿಯಾಗಿ ಹಾಕಿದರೆ ಬಿಸಿಗೆ ಸಿಡಿಯಬಹುದು. ಬಾಯಿ ತೆರೆದೇ ಬಿಟ್ಟರೆ ಗಾಳಿಯ ಇಂಗಾಲದ ಡೈಆಕ್ಸೈಡ್ ಸೇರಿ ಕ್ಯಾಲ್ಸಿಯಂ ಕಾರ್ಬೋನೇಟ್ ಉಂಟಾಗಿ, ಅದೂ ಮಬ್ಬನ್ನೇ ಕೊಡುತ್ತದೆ. ಯಾವುದೆಂದು ತಿಳಿಯಲು ತಣಿಸಿ, ಆಗಾಗ ಅಲುಗಾಡಿಸಿ. ಸುಣ್ಣವಾಗಿದ್ದರೆ ನಿಧಾನವಾಗಿ ಮತ್ತೆ ತಿಳಿಯಾಗುತ್ತದೆ, ಕಾರ್ಬೋನೇಟಾದರೆ ಮಬ್ಬು ಹೋಗುವುದಿಲ್ಲ.