ಕಾಗಿಣಾ ದಂಡೆಯ ಕಲ್ಲಾದ ಕಡಲು

ಕಲಬುರಗಿ ಜಿಲ್ಲೆಯ ಮಳಖೇಡದ ಬಳಿ ಕಾಗಿಣಾ ನದಿ ರಾಷ್ಟ್ರಕೂಟರ ಕೋಟೆಯನ್ನು ಸವರಿಕೊಂಡು ಹರಿದು, ಹೊನಗುಂಟದಲ್ಲಿ ಭೀಮೆಯನ್ನು ಕೂಡುತ್ತದೆ. ಅಲ್ಲಿಂದ ಕೆಳಗೆ ಭೀಮೆಯ ಎಡದಂಡೆಯಲ್ಲಿ ಸನ್ನತಿ, ಅದರ ಪಕ್ಕದಲ್ಲೇ ಕನಗನಹಳ್ಳಿ. ಈ ದಾರಿ ಹಿಡಿದು ನಡೆಯುವವರು ಸಾಮಾನ್ಯವಾಗಿ ಮಳಖೇಡದ ಜೈನ ಬಸದಿಯನ್ನೋ, ಸನ್ನತಿಯ ಚಂದ್ರಲಾಂಬೆಯನ್ನೋ, ಕನಗನಹಳ್ಳಿಯ ಬೌದ್ಧ ಸ್ತೂಪದ ಅವಶೇಷಗಳನ್ನೋ ನೋಡಲು ಬಂದವರು. ಕಾಲ ಕೆಳಗಿನ ಹಾಸುಬಂಡೆಯನ್ನು ಗಮನಿಸುವವರು ಕಡಿಮೆ. ಆದರೆ ಆ ಸ್ತೂಪದ ಶಿಲ್ಪಕ್ಕೆ ಅದರ ರೂಪವನ್ನು ಕೊಟ್ಟಿದ್ದರಲ್ಲಿ ಶಿಲ್ಪಿಯಷ್ಟೇ ಪಾಲು ಈ ಬಂಡೆಗೂ ಇದೆ ಎಂಬುದು ನನ್ನ ಎಣಿಕೆ.

ಬಂಡೆ ಎಂದರೆ ಶಹಾಬಾದ್ ಸುಣ್ಣಕಲ್ಲು, ನಮ್ಮ ಭಾಗದ ಮನೆಮನೆಗಳ ನೆಲದಲ್ಲಿರುವ ಪರಸಿ ಕಲ್ಲು. ಐವತ್ತು ಕೋಟಿ ವರ್ಷಗಳಿಗೂ ಹಿಂದೆ ಇಲ್ಲಿ ಆಳವಿಲ್ಲದ ಕಡಲೊಂದಿತ್ತು. ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟ್ ಮತ್ತು ನೈಸ್ ಶಿಲೆಗಳೇ ಅದರ ತಳ. ಯಾದಗಿರಿಯ ಕೋಟೆಬೆಟ್ಟದಲ್ಲಿ ಇಂದಿಗೂ ಕಾಣುವುದು ಆ ಹಳೆಯ ಶಿಲೆಯೇ. ಆ ತಳದ ಮೇಲೆ ಮೊದಲು ಮರಳು ಮತ್ತು ಜೇಡಿ, ಆಮೇಲೆ ಸುಣ್ಣದ ನುಣುಪಾದ ಕೆಸರು ಪದರಪದರವಾಗಿ ಕುಳಿತವು. ಸುಣ್ಣಕಲ್ಲು ಎಂದೊಡನೆ ನಮಗೆ ಕಪ್ಪೆಚಿಪ್ಪುಗಳ ನೆನಪಾಗುತ್ತದೆ, ಆದರೆ ಇಲ್ಲಿ ಎಷ್ಟು ಹುಡುಕಿದರೂ ಚಿಪ್ಪು ಸಿಗದು. ಚಿಪ್ಪು ಕಟ್ಟಿಕೊಳ್ಳುವ ಪ್ರಾಣಿಗಳು ಆಗಿನ್ನೂ ಭೂಮಿಯ ಮೇಲೆ ಹುಟ್ಟಿರಲಿಲ್ಲ. ನೀರಿನಲ್ಲಿ ಕರಗಿದ್ದ ಕ್ಯಾಲ್ಸಿಯಂ ಕಾರ್ಬೊನೇಟ್ ರಾಸಾಯನಿಕವಾಗಿ, ಸೂಕ್ಷ್ಮಜೀವಿಗಳ ನೆರವಿನಿಂದಲೂ, ಬೇರ್ಪಟ್ಟು ತಳಕ್ಕೆ ಇಳಿಯಿತು. ಬಹಳ ಕಾಲದ ನಂತರ, ಸುಮಾರು 6.6 ಕೋಟಿ ವರ್ಷಗಳ ಹಿಂದೆ, ದಖನ್ನಿನ ಲಾವಾ ಹರಿದುಬಂದು ಈ ಪ್ರದೇಶದ ಉತ್ತರ ಭಾಗವನ್ನು ಮುಚ್ಚಿತು. ಮಳೆಗಾಲದಲ್ಲಿ ಚಪ್ಪಲಿಗೆ ಅಂಟಿ ನಡಿಗೆಯನ್ನೇ ನಿಲ್ಲಿಸುವ ಎರೆಮಣ್ಣು ಆ ಲಾವಾ ಕಲ್ಲು ಸವೆದು ಆದದ್ದು.

ಕಡಲಿಗೆ ಸುಣ್ಣದ ಜೊತೆ ಆಗಾಗ ತೆಳುವಾದ ಜೇಡಿಯೂ ಬರುತ್ತಿತ್ತು. ಎರಡು ಸುಣ್ಣದ ಪದರಗಳ ನಡುವೆ ಹೀಗೆ ಸಿಕ್ಕಿಕೊಂಡ ಜೇಡಿಯ ಗೆರೆ ಬಲಹೀನ. ಅಲ್ಲಿ ಉಳಿ ಇಟ್ಟು ಸುತ್ತಿಗೆಯಿಂದ ಹೊಡೆದರೆ ಬಂಡೆ ಸಪಾಟಾದ ಹಲಗೆಯಾಗಿ ಏಳುತ್ತದೆ. ಪದರಗಳಿಗೆ ಅಡ್ಡಲಾಗಿ ನೆಟ್ಟಗೆ ಇಳಿದ ಬಿರುಕುಗಳು ಅಂಚನ್ನೂ ಕತ್ತರಿಸಿಕೊಡುತ್ತವೆ. ಕಲ್ಲಿನ ಮುಖ್ಯ ಖನಿಜವಾದ ಕ್ಯಾಲ್ಸೈಟಿನ ಗಡಸುತನ ಮೋಸ್ ಮಾಪಕದಲ್ಲಿ 3, ಗ್ರಾನೈಟಿನಲ್ಲಿರುವ ಸ್ಫಟಿಕಶಿಲೆಯದು 7. ಕಣಗಳೂ ಬಹಳ ಸಣ್ಣವು. ಹೀಗಾಗಿ ಬಟ್ಟೆಯ ನೆರಿಗೆ, ಕೈಬಳೆ, ಕುದುರೆಯ ಕೇಸರದಂತಹ ಸೂಕ್ಷ್ಮಗಳು ಗ್ರಾನೈಟಿಗಿಂತ ಈ ಕಲ್ಲಿನಲ್ಲಿ ಸುಲಭವಾಗಿ ಮೂಡುತ್ತವೆ, ಆದರೆ ಹಲಗೆ ತೆಳುವಾದ್ದರಿಂದ ಆಳವಾಗಿ ಕೊರೆಯುವಂತಿಲ್ಲ. ಕನಗನಹಳ್ಳಿಯ ಸ್ತೂಪಕ್ಕೆ ಹೊದಿಸಿದ್ದ ಫಲಕಗಳಲ್ಲಿ ಕಾಣುವುದು ಇದೇ ಬಗೆಯ ಉಬ್ಬುಶಿಲ್ಪ. 1990ರ ದಶಕದಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ಉತ್ಖನನ ನಡೆಸಿದಾಗ ದೊರೆತ ಅವುಗಳಲ್ಲೊಂದರ ಮೇಲೆ ರಾಜನೊಬ್ಬನ ಚಿತ್ರವಿದ್ದು, ‘ರಾಯ ಅಸೋಕೋ’ ಎಂದು ಬ್ರಾಹ್ಮಿಯಲ್ಲಿ ಹೆಸರೂ ಇದೆ. ಅದಕ್ಕೆ ಕೆಲವು ವರ್ಷ ಮುಂಚೆ, 1986ರಲ್ಲಿ, ಸನ್ನತಿಯ ಕಾಳಿ ಗುಡಿಯ ಚಾವಣಿ ಕುಸಿದು, ವಿಗ್ರಹದ ಪೀಠವಾಗಿದ್ದ ಕಲ್ಲಿನಲ್ಲಿ ಅಶೋಕನ ಶಾಸನ ಪತ್ತೆಯಾಗಿತ್ತು.

ಸುಣ್ಣಕಲ್ಲಿನ ಶಿಲ್ಪ ಇಷ್ಟು ಕಾಲ ಉಳಿದದ್ದೇ ದೊಡ್ಡದು. ಸುಮಾರು 900 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಈ ಕಲ್ಲು ಇಂಗಾಲದ ಡೈಆಕ್ಸೈಡನ್ನು ಬಿಟ್ಟು ಸುಟ್ಟ ಸುಣ್ಣವಾಗುತ್ತದೆ. ಆಂಧ್ರದ ಅಮರಾವತಿಯ ಸ್ತೂಪದ ಫಲಕಗಳಲ್ಲಿ ಎಷ್ಟೋ ಸುಣ್ಣದ ಭಟ್ಟಿ ಸೇರಿದವು. ವಾಡಿ, ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಗಳು ಇಂದು ಸುಡುತ್ತಿರುವುದು ಇದೇ ಕಡಲತಳವನ್ನು. ಕನಗನಹಳ್ಳಿಯ ಫಲಕಗಳನ್ನು ಮಣ್ಣಿನ ದಿಬ್ಬವೇ ಭಟ್ಟಿಯಿಂದಲೂ ಮಳೆಯಿಂದಲೂ ಮರೆಮಾಡಿತ್ತು.

ಮಣ್ಣು ತೆಗೆದ ಮೇಲೆ ರಕ್ಷಣೆಯ ಹೊಣೆ ನಮ್ಮದು. ಮಳೆನೀರು ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ತುಸು ಆಮ್ಲೀಯವಾಗುತ್ತದೆ, ಸುಣ್ಣಕಲ್ಲನ್ನು ನಿಧಾನವಾಗಿ ಕರಗಿಸುತ್ತದೆ. ಅದಕ್ಕಿಂತ ಹೆಚ್ಚಿನ ಅಪಾಯ ಫಲಕವನ್ನು ನಿಲ್ಲಿಸುವ ರೀತಿಯಲ್ಲೇ ಇದೆ. ಕಡಲತಳದಲ್ಲಿ ಮಲಗಿದ್ದ ಪದರಗಳು ಇಲ್ಲಿ ಎದ್ದು ನಿಂತಿರುವುದರಿಂದ, ಜೇಡಿಯ ಗೆರೆಗಳ ತುದಿ ಮೇಲಕ್ಕೆ ತೆರೆದುಕೊಳ್ಳುತ್ತದೆ. ಅಲ್ಲಿ ಇಳಿದ ನೀರಿಗೆ ಜೇಡಿ ಉಬ್ಬಿ, ಏಪ್ರಿಲ್‌–ಮೇ ತಿಂಗಳ ಬಿಸಿಲಿಗೆ ಕುಗ್ಗಿ, ಕೆತ್ತನೆಯಿರುವ ಮೇಲ್ಪದರವೇ ಹೆಕ್ಕಳಿಕೆಯಾಗಿ ಕಳಚಬಹುದು. ಆದ್ದರಿಂದ ಇಂತಹ ಫಲಕಗಳಿಗೆ ಮೊದಲು ಬೇಕಾದದ್ದು ಸುತ್ತಲಿನ ಬೇಲಿಯಲ್ಲ, ಮೇಲಂಚಿಗೆ ನೀರು ತಾಗದಂತೆ ತಡೆಯುವ ಚಾವಣಿ.